ಸೋಮವಾರವೂ ಕರ್ತನದೇ

ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಒಂದು ಪ್ರತಿಮೆ ಇದೆ, ಎಷ್ಟೋ ಸಲ ದಾಟಿ ಹೋಗಿರ್ತೀರಿ. ಅದು ಫರ್ಡಿನೆಂಡ್ ಕಿಟೆಲ್ ಅವರದು.

1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕಿಟೆಲ್, 1853ರಲ್ಲಿ ಬಾಸೆಲ್ ಮಿಷನ್ನಿನ ಸೇವಕರಾಗಿ ನಮ್ಮ ನಾಡಿಗೆ ಬಂದರು. ಸುವಾರ್ತೆ ಸಾರೋಕೆ ಬಂದವರು ಮೊದಲು ಜನರ ಮಾತಿಗೆ ಕಿವಿಗೊಟ್ಟರು. ಊರೂರು ನಡೆದರು, ಪಂಡಿತರ ಹತ್ತಿರ ಕೂತು ಕಲಿತರು. ಅವರ ಈ ದಾರಿ ಮಿಷನ್ನಿನಲ್ಲಿ ಎಲ್ಲರಿಗೂ ಹಿಡಿಸಲಿಲ್ಲ. ಆದರೂ ಬಿಡಲಿಲ್ಲ.

ನಮ್ಮ ನಂದಿದುರ್ಗ ಗಣಿಯಲ್ಲಿ ತಾತಂದಿರು ಟನ್ನುಗಟ್ಟಲೆ ಕಲ್ಲು ಒಡೆದರೆ ಸಿಗ್ತಿದ್ದದ್ದು ಗ್ರಾಂ ಲೆಕ್ಕದ ಚಿನ್ನ. ಕಿಟೆಲ್ ಕೂಡ ಹಾಗೇ ಹಳೆಯ ಕಾವ್ಯ, ಗಾದೆ, ಹಳ್ಳಿಮಾತು ಎಲ್ಲ ಅಗೆದು ಒಂದೊಂದೇ ಪದ ಕೂಡಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯ್ತು. ಅದರಲ್ಲಿ ಸುಮಾರು 70,000 ಪದಗಳು! 1903ರಲ್ಲಿ ವ್ಯಾಕರಣ ಗ್ರಂಥವೂ ಬಂತು. ಅದೇ ವರ್ಷ ಟ್ಯೂಬಿಂಗನ್‌ನಲ್ಲಿ ಕರ್ತನಲ್ಲಿ ನಿದ್ರೆಹೋದರು.

ಪದ ಹುಡುಕೋದು ಸೇವೆನಾ? ಹೌದು ಪ್ರಿಯರೇ. ಯಜಮಾನನ ಕಣ್ಣಿಗಾಗಿ ಅಲ್ಲ, ಕರ್ತನಿಗಾಗಿ ಮನಃಪೂರ್ವಕವಾಗಿ ದುಡಿಯಬೇಕು ಅಂತ ಪೌಲನು ಕೊಲೊಸ್ಸೆಯ ದಾಸರಿಗೂ ಕಲಿಸಿದನು. ದಾಸನ ಕೆಲಸವೇ ಆರಾಧನೆ ಆಗಬಹುದಾದರೆ ನಿಮ್ಮದು ಯಾಕಾಗಬಾರದು?

ಬೆಳಗ್ಗೆ ಬಂಗಾರಪೇಟೆಯಲ್ಲಿ ಟ್ರೈನ್ ಹತ್ತುವ ತಮ್ಮಾ, ತಂಗೀ, ಭಾನುವಾರ ಸ್ತುತಿಸಲು ಎತ್ತಿದ ಕೈಗಳೇ ಸೋಮವಾರ ಆಫೀಸಿನಲ್ಲಿ ಲೆಕ್ಕ ಬರೆಯೋದು. ಯಾರೂ ಚೆಕ್ ಮಾಡದ ಆ ಲೆಕ್ಕ ಸರಿಯಾಗಿರಲಿ. ಕರ್ತನು ಅದನ್ನೂ ನೋಡ್ತಾನೆ. ಆಮೆನ್.