ಕಣ್ಣೊಳಗೆ ಪ್ಲಾಸ್ಟಿಕ್ ಕೂರಿಸಿದ ಡಾಕ್ಟರ್

ಕಲ್ಲಿನ ಚೂರು ಸಿಡಿದು ಕಣ್ಣಿಗೆ ಬಿದ್ದರೆ ಏನಾಗುತ್ತೆ ಅಂತ ಶಹಾಬಾದ್, ಚಿತ್ತಾಪುರದ ಗಣಿ ಕೆಲಸದವರಿಗೆ ಹೇಳಬೇಕಿಲ್ಲ. ಲಂಡನ್ನಿನ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ (1906–2001) ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳ ಕಣ್ಣಲ್ಲಿ ಚೂರುಗಳನ್ನು ನೋಡಿದರು. ಅವು ಕಲ್ಲಲ್ಲ, ಒಡೆದ ಕಾಕ್‌ಪಿಟ್‌ನ ಪರ್ಸ್‌ಪೆಕ್ಸ್ ಪ್ಲಾಸ್ಟಿಕ್. ಕಣ್ಣು ಅದನ್ನು ಸಹಿಸಿಕೊಂಡಿತ್ತು!

ಅದೇ ಬಗೆಯ ಪ್ಲಾಸ್ಟಿಕ್‌ನಲ್ಲಿ ಲೆನ್ಸ್ ಮಾಡಿಸಿ, 1949ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪೊರೆ ತೆಗೆದ ಕಣ್ಣಿಗೆ ಮೊದಲ ಬಾರಿ ಹಾಕಿದರು. ಪವರ್ ಲೆಕ್ಕ ತಪ್ಪಿ, ಆ ರೋಗಿಗೆ ದೂರದ್ದು ಮಂಜಾಯಿತು. ಮುಂದೆ ಕೆಲವರ ಲೆನ್ಸ್ ಜಾರಿತು, ಉರಿಯೂತ ಬಂತು, ವಾಪಸ್ ತೆಗೆಯಬೇಕಾಯಿತು. ಹಿರಿಯ ವೈದ್ಯರು ವಿರೋಧಿಸಿದರು. ರಿಡ್ಲಿ ಬಿಡಲಿಲ್ಲ. ಅವರೂ, ನಂತರ ಬಂದವರೂ ಆಕಾರ, ತೂಕ ತಿದ್ದುತ್ತಾ ಹೋದರು. ವಯಸ್ಸಾದ ಮೇಲೆ ರಿಡ್ಲಿಯವರ ಎರಡೂ ಕಣ್ಣಿಗೆ ಲೆನ್ಸ್ ಬಂತು.

ಸೇಡಂ, ಚಿಂಚೋಳಿಯ ಅಜ್ಜ-ಅಜ್ಜಿ ಪೊರೆ ತೆಗೆಸಿಕೊಂಡು ಬಂದಾಗ ಅವರ ಕಣ್ಣಲ್ಲಿರೋದು ಆ ಮೊದಲ ಲೆನ್ಸಿನ ತಿದ್ದಿದ ರೂಪ.