ಲೂಯಿ ಪಾಶ್ಚರ್ ಮತ್ತು ಎರಡು ಮೇಕೆಗಳು

ನಮ್ಮ ಶಾಲೆಯ ಮಕ್ಕಳಲ್ಲಿ ಮನೆಯ ಹಿತ್ತಿಲಲ್ಲಿ ಮೇಕೆ ಕಟ್ಟದವರು ಕಡಿಮೆ. ಬೆಳಿಗ್ಗೆ ಎದ್ದು ಸೊಪ್ಪು ತಂದು ಹಾಕಿ, ಮರಿಗಳನ್ನು ತಾಯಿಯ ಹತ್ತಿರ ಬಿಟ್ಟು, ಆಮೇಲೆ ಪುಸ್ತಕದ ಚೀಲವನ್ನು ಹೆಗಲಿಗೇರಿಸುವವರು ನಾವು. ಮೇಕೆಯನ್ನು ಬಡವರ ಹಸು ಎಂದು ಹಿರಿಯರು ಸುಮ್ಮನೆ ಕರೆಯಲಿಲ್ಲ. ಕೈಯಲ್ಲಿ ಕಾಸಿಲ್ಲದಾಗ ಬಟ್ಟೆಗೆ, ಔಷಧಕ್ಕೆ, ಮದುವೆಗೆ ಒದಗಿಬರುವುದು ಅದೇ. ಆದರೆ ಸಂಜೆ ಚೆನ್ನಾಗಿ ಮೇದು ಬಂದ ಮೇಕೆ ಬೆಳಿಗ್ಗೆ ಕಾಲು ಚಾಚಿ ಸತ್ತು ಬಿದ್ದಿರುವುದನ್ನೂ ನಾವು ಕಂಡಿದ್ದೇವೆ. ಯಾರದೋ ದೃಷ್ಟಿ ತಾಗಿತು, ಗಾಳಿ ಸೋಕಿತು, ಹಣೆಯ ಬರಹ ಎಂದು ಹೇಳಿ ಸುಮ್ಮನಾಗುತ್ತೇವೆ.

ಹೀಗೆ ಸುಮ್ಮನಾಗಬೇಕಿಲ್ಲ, ಇಂಥ ಸಾವನ್ನು ಮೊದಲೇ ತಡೆಯಬಹುದು ಎಂದು ನೂರಾರು ಜನರ ಕಣ್ಣೆದುರು ತೋರಿಸಿಕೊಟ್ಟ ಮಹನೀಯರು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರೆಂದು ಅವರ ಹೆಸರನ್ನು ನಮ್ಮ ಪಾಠಗಳಲ್ಲಿ ಓದುತ್ತೇವೆ. ಅದಕ್ಕೂ ಮೊದಲು ಅವರು ಕುರಿ, ಮೇಕೆ, ಹಸುಗಳಿಗಾಗಿ ದುಡಿದ ಕಥೆಯನ್ನು ಹೆಚ್ಚು ಜನ ಅರಿಯರು. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇವೆ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಪೂರ್ವಭಾಗದ ಡೋಲ್ ಎಂಬ ಪಟ್ಟಣದಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಮಾಡಿ ಬಂದವರು. ಬಳಿಕ ಚರ್ಮ ಹದ ಮಾಡುವುದೇ ಅವರ ಕಸುಬು. ಆರ್ಬ್ವಾ ಎಂಬ ಚಿಕ್ಕ ಊರಿನಲ್ಲಿ ಬಾಲಕ ಬೆಳೆದ. ಅವನಿಗೆ ಎಂಟು ಒಂಬತ್ತು ವಯಸ್ಸಿದ್ದಾಗ ಹುಚ್ಚು ಹಿಡಿದ ತೋಳವೊಂದು ಆ ಸೀಮೆಯಲ್ಲಿ ಹಲವರನ್ನು ಕಡಿಯಿತು. ಕಡಿತಕ್ಕೆ ಒಳಗಾದವರನ್ನು ಕಮ್ಮಾರನ ಕುಲುಮೆಗೆ ಕರೆದೊಯ್ದು ಕಾದ ಕಬ್ಬಿಣದಿಂದ ಗಾಯ ಸುಡುತ್ತಿದ್ದರು. ಆ ಕಾಲಕ್ಕೆ ಇದ್ದ ಚಿಕಿತ್ಸೆ ಅಷ್ಟೇ.

ಬಾಲಕ ಓದಿನಲ್ಲಿ ಸಾಧಾರಣ, ಚಿತ್ರ ಬರೆಯುವುದರಲ್ಲಿ ಜಾಣ. ಹದಿನೈದನೆಯ ವಯಸ್ಸಿನಲ್ಲಿ ಓದಲು ಪ್ಯಾರಿಸಿಗೆ ಕಳುಹಿಸಿದರೆ ಮನೆಯ ನೆನಪು ತಡೆಯಲಾರದೆ ಕೆಲವೇ ವಾರಗಳಲ್ಲಿ ಮರಳಿದ. 1842ರ ಪರೀಕ್ಷೆಯಲ್ಲಿ ರಸಾಯನಶಾಸ್ತ್ರದಲ್ಲೇ ಅವನಿಗೆ ಕಡಿಮೆ ದರ್ಜೆ ಬಂತು. ಮುಂದೆ ಅದೇ ಶಾಸ್ತ್ರದಲ್ಲಿ ಲೋಕಪ್ರಸಿದ್ಧನಾದ ಎಂಬುದನ್ನು ಅಂಕಪಟ್ಟಿ ನೋಡಿ ಅಳುವ ಮಕ್ಕಳು ನೆನಪಿಡಬೇಕು. ಪ್ಯಾರಿಸಿನ ಎಕೋಲ್ ನಾರ್ಮಾಲ್ ಎಂಬ ಪ್ರಸಿದ್ಧ ವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ತನಗೆ ಬಂದ ಸ್ಥಾನ ಸಾಲದೆಂದು ಮತ್ತೊಂದು ವರ್ಷ ಓದಿ, ಪುನಃ ಪರೀಕ್ಷೆಗೆ ಕುಳಿತು, 1843ರಲ್ಲಿ ಉತ್ತಮ ಸ್ಥಾನದೊಡನೆ ಸೇರಿದ.

1849ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮರಿ ಲೊರಾಂ ಎಂಬಾಕೆಯೊಡನೆ ಪಾಶ್ಚರರ ಮದುವೆಯಾಯಿತು. ಆಕೆ ಗಂಡ ಹೇಳಿದ್ದನ್ನು ಬರೆದುಕೊಳ್ಳುತ್ತ, ಪ್ರಯೋಗಗಳ ವಿವರ ಕೇಳುತ್ತ ಜೀವನಪೂರ್ತಿ ನೆರವಾದರು. 1854ರಲ್ಲಿ ಪಾಶ್ಚರರು ಲಿಲ್ ನಗರಕ್ಕೆ ಪ್ರಾಧ್ಯಾಪಕರಾಗಿ ಹೋದರು. ಹಾಲು ಹುಳಿಯುವುದು, ದ್ರಾಕ್ಷಾರಸ ಕೆಡುವುದು ಕಣ್ಣಿಗೆ ಕಾಣದ ಜೀವಿಗಳ ಕೆಲಸವೆಂದು ಅಲ್ಲಿಂದ ಮುಂದಿನ ವರ್ಷಗಳಲ್ಲಿ ತೋರಿಸಿದರು. ರಸವನ್ನು ಹದವಾಗಿ ಕಾಯಿಸಿ ಕೆಡದಂತೆ ಮಾಡುವ ಅವರ ವಿಧಾನವೇ ಇಂದು ಪ್ಯಾಕೆಟ್ ಹಾಲನ್ನು ಶುದ್ಧಗೊಳಿಸುವ ಪಾಶ್ಚರೀಕರಣಕ್ಕೆ ಹೆಸರು ಕೊಟ್ಟಿದೆ.

ಹೊರಗೆ ಕೀರ್ತಿ ಬೆಳೆಯುತ್ತಿದ್ದಾಗ ಮನೆಯೊಳಗೆ ಕತ್ತಲೆ ಕವಿಯಿತು. 1859ರಲ್ಲಿ ಹಿರಿಯ ಮಗಳು ಜಾನ್ ವಿಷಮಶೀತ ಜ್ವರದಿಂದ ತೀರಿಕೊಂಡಳು. 1865ರಲ್ಲಿ ಎರಡು ವರ್ಷದ ಕೂಸು ಕಮೀಯ್ ಹೋಯಿತು. 1866ರಲ್ಲಿ ಸೆಸಿಲ್ ಎಂಬ ಇನ್ನೊಬ್ಬ ಮಗಳನ್ನೂ ವಿಷಮಶೀತ ಜ್ವರ ಕೊಂಡೊಯ್ದಿತು. ಐವರು ಮಕ್ಕಳಲ್ಲಿ ಉಳಿದವರು ಇಬ್ಬರೇ. ಆ ವರ್ಷಗಳಲ್ಲಿ ಪಾಶ್ಚರರು ದಕ್ಷಿಣ ಫ್ರಾನ್ಸಿನ ರೇಷ್ಮೆ ಹುಳುಗಳ ರೋಗಕ್ಕೆ ಪರಿಹಾರ ಹುಡುಕುತ್ತಿದ್ದರು. 1868ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಅವರಿಗೇ ಪಾರ್ಶ್ವವಾಯು ಬಡಿಯಿತು. ಎಡಗೈ ಎಡಗಾಲು ಮತ್ತೆ ಮೊದಲಿನಂತಾಗಲಿಲ್ಲ. ಆದರೂ ಹಿಡಿದ ಕೆಲಸ ಬಿಡದೆ ರೋಗದ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಿಂದ ಆರಿಸಿ ತೆಗೆಯುವ ಕ್ರಮವನ್ನು ರೈತರಿಗೆ ಕಲಿಸಿದರು.

ಆ ಕಾಲದ ಫ್ರಾನ್ಸಿನಲ್ಲಿ ಕುರಿಗಾರರನ್ನು ಕಂಗೆಡಿಸಿದ್ದ ಇನ್ನೊಂದು ರೋಗ ಅಂಥ್ರಾಕ್ಸ್. ನಮ್ಮಲ್ಲಿ ಇದನ್ನು ನೆರಡಿ ರೋಗವೆನ್ನುತ್ತಾರೆ. ಹಿಂಡಿನಲ್ಲಿ ಒಂದು ಪ್ರಾಣಿ ತಟ್ಟನೆ ನಡುಗಿ ಬೀಳುತ್ತದೆ, ಮೂಗು ಬಾಯಿಗಳಿಂದ ಕಪ್ಪುರಕ್ತ ಒಸರುತ್ತದೆ, ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಕೆಲವು ಹೊಲಗಳಲ್ಲಿ ಮೇಯಿಸಿದರೆ ಹಿಂಡೇ ಸಾಯುತ್ತಿದ್ದುದರಿಂದ ಅವುಗಳನ್ನು ಶಾಪಗ್ರಸ್ತ ಹೊಲಗಳೆಂದು ರೈತರು ದೂರವಿಡುತ್ತಿದ್ದರು. ಈ ರೋಗಕ್ಕೆ ಕಾರಣವಾದ ರೋಗಾಣುವಿನ ಜೀವನಕ್ರಮವನ್ನು 1876ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ತೋರಿಸಿದ್ದರು. ಆ ಹೊಲಗಳ ಶಾಪವೇನು ಎಂಬುದನ್ನು ಪಾಶ್ಚರರು ಹುಡುಕಲು ಹೊರಟರು.

ಒಂದು ದಿನ ಶಾರ್ತ್ರ್ ನಗರದ ಸಮೀಪದ ಹೊಲದಲ್ಲಿ ನಡೆಯುವಾಗ ಒಂದು ತುಂಡು ನೆಲದ ಬಣ್ಣ ಬೇರೆಯಾಗಿರುವುದು ಅವರ ಕಣ್ಣಿಗೆ ಬಿತ್ತು. ಕೇಳಿದರೆ, ಹಿಂದಿನ ವರ್ಷ ಸತ್ತ ಕುರಿಗಳನ್ನು ಅಲ್ಲಿ ಹೂಳಿದ್ದೆವೆಂದು ಹೊಲದವನು ಹೇಳಿದ. ಬಗ್ಗಿ ನೋಡಿದಾಗ ಎರೆಹುಳುಗಳು ಹೊರಹಾಕಿದ ಸಣ್ಣ ಮಣ್ಣಿನ ಗುಪ್ಪೆಗಳು ಕಂಡವು. ಹೂತ ಹೆಣದ ಬಳಿಯಿಂದ ರೋಗದ ಬೀಜಕಣಗಳನ್ನು ಎರೆಹುಳುಗಳು ಮೇಲಕ್ಕೆ ತರುತ್ತಿರಬಹುದೆಂದು ಅವರಿಗೆ ಹೊಳೆಯಿತು. ಅಂಥ ಮಣ್ಣನ್ನು ಪರೀಕ್ಷಿಸಿದಾಗ ಬೀಜಕಣಗಳು ಸಿಕ್ಕವು. ಮುಳ್ಳು ಬೆರೆತ ಮೇವು ತಿಂದು ಬಾಯಿ ಗಾಯವಾದ ಕುರಿಗಳಿಗೆ ರೋಗ ಬೇಗ ಅಂಟುವುದನ್ನೂ ಕಂಡರು. ಶಾಪವಿದ್ದದ್ದು ಮನುಷ್ಯನ ಅಜಾಗ್ರತೆಯಲ್ಲಿ. ಸತ್ತ ಪ್ರಾಣಿಯನ್ನು ಮೇವಿನ ನೆಲದಲ್ಲಿ ಹೂಳಬೇಡಿ ಎಂದು ಅವರು ರೈತರಿಗೆ ಎಚ್ಚರಿಕೆ ಕೊಟ್ಟರು.

ಇನ್ನು ಲಸಿಕೆಯ ವಿಚಾರ. 1796ರಲ್ಲೇ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ರಸವನ್ನು ಚುಚ್ಚಿ ಮನುಷ್ಯರ ಸಿಡುಬನ್ನು ತಡೆದಿದ್ದರು. ಬೇರೆ ರೋಗಗಳಿಗೆ ಅಂಥ ದಾರಿ ಸಿಕ್ಕಿರಲಿಲ್ಲ. ಕೋಳಿಗಳ ಕಾಲರಾ ರೋಗವನ್ನು ಅಭ್ಯಾಸ ಮಾಡುವಾಗ ಪಾಶ್ಚರರಿಗೆ ಅದು ಸಿಕ್ಕಿತು. ಬಹಳ ದಿನ ಇಟ್ಟು ಹಳತಾದ ರೋಗಾಣುಗಳನ್ನು ಕೋಳಿಗೆ ಚುಚ್ಚಿದರೆ ಅದು ಸ್ವಲ್ಪ ಮಂಕಾಗಿ ಚೇತರಿಸಿಕೊಳ್ಳುತ್ತಿತ್ತು. ಆಮೇಲೆ ಹೊಸ ರೋಗಾಣು ಚುಚ್ಚಿದರೂ ಸಾಯುತ್ತಿರಲಿಲ್ಲ. ಬಲಗುಂದಿದ ರೋಗಾಣು ದೇಹಕ್ಕೆ ಗುರಾಣಿ ಹಿಡಿಯುವುದನ್ನು ಕಲಿಸುತ್ತದೆ ಎಂಬ ಈ ತತ್ತ್ವವನ್ನು 1880ರಲ್ಲಿ ಪ್ರಕಟಿಸಿ, ಕೂಡಲೇ ನೆರಡಿ ರೋಗಕ್ಕೂ ಅನ್ವಯಿಸಲು ತೊಡಗಿದರು.

ಆದರೆ ಎಲ್ಲರೂ ನಂಬಲಿಲ್ಲ. ರೊಸಿಞೋಲ್ ಎಂಬ ಪಶುವೈದ್ಯರು, ಮಾತು ಸಾಕು, ನಮ್ಮ ಹೊಲದಲ್ಲಿ ಎಲ್ಲರೆದುರು ಮಾಡಿ ತೋರಿಸಲಿ ಎಂದು ಸವಾಲು ಹಾಕಿದಂತೆ ಏರ್ಪಾಡು ಮಾಡಿದರು. ಪಾಶ್ಚರರು ಒಪ್ಪಿಕೊಂಡರು. ಸೋತರೆ ಜೀವಮಾನದ ಕೀರ್ತಿ ಒಂದೇ ದಿನದಲ್ಲಿ ಮಣ್ಣುಪಾಲಾಗುವಂತಿತ್ತು.

ಪ್ಯಾರಿಸಿನ ಹತ್ತಿರ ಮೆಲೂನ್ ಪಟ್ಟಣದ ಪಕ್ಕದ ಪೂಯಿ-ಲ-ಫೋರ್ ಎಂಬ ಹಳ್ಳಿಯ ಹೊಲದಲ್ಲಿ 1881ರ ಮೇ 5ರಂದು ಪ್ರಯೋಗ ಆರಂಭವಾಯಿತು. 24 ಕುರಿ, ಒಂದು ಮೇಕೆ, ಆರು ದನಗಳಿಗೆ ಲಸಿಕೆ ಹಾಕಿದರು. ಇನ್ನೊಂದು ಗುಂಪಿನ 24 ಕುರಿ, ಒಂದು ಮೇಕೆ, ನಾಲ್ಕು ದನಗಳಿಗೆ ಏನನ್ನೂ ಹಾಕಲಿಲ್ಲ. ಹನ್ನೆರಡು ದಿನ ಬಿಟ್ಟು ಮೇ 17ರಂದು ಮೊದಲಿನದಕ್ಕಿಂತ ಬಲವಾದ ಎರಡನೆಯ ಲಸಿಕೆ ಕೊಟ್ಟರು. ಮೇ 31ರಂದು ಎರಡೂ ಗುಂಪಿನ ಪ್ರಾಣಿಗಳಿಗೆ ಕೊಲ್ಲುವ ಶಕ್ತಿಯುಳ್ಳ ರೋಗಾಣುಗಳನ್ನೇ ಚುಚ್ಚಿದರು. ಮೋಸವಾಗದಿರಲೆಂದು ಒಂದು ಗುಂಪಿನ ಪ್ರಾಣಿಯಾದ ಮೇಲೆ ಇನ್ನೊಂದು ಗುಂಪಿನ ಪ್ರಾಣಿಗೆ, ಹೀಗೆ ಸರದಿಯಂತೆ ಚುಚ್ಚಿದರು.

ಮರುದಿನ ಲಸಿಕೆ ಹಾಕಿದ ಕೆಲವು ಕುರಿಗಳಿಗೆ ಜ್ವರ ಬಂದಿದೆಯೆಂಬ ಸುದ್ದಿ ಪ್ಯಾರಿಸಿಗೆ ಬಂತು. ಆ ರಾತ್ರಿ ಪಾಶ್ಚರರ ಮನೆಯಲ್ಲಿ ತಳಮಳ. ಜೂನ್ 2ರ ಬೆಳಿಗ್ಗೆ ತಂತಿ ಬಂದ ಮೇಲೆ ಮನಸ್ಸು ಹಗುರಾಯಿತು. ಮಧ್ಯಾಹ್ನ ಎರಡು ಗಂಟೆಗೆ ಅವರು ಹೊಲಕ್ಕೆ ಬಂದಾಗ ರೈತರು, ಪಶುವೈದ್ಯರು, ಅಧಿಕಾರಿಗಳು, ಪತ್ರಿಕೆಯವರು ಎಲ್ಲ ಸೇರಿದ್ದರು. ಲಸಿಕೆ ಹಾಕದ ಗುಂಪಿನಲ್ಲಿ 21 ಕುರಿಗಳೂ ಆ ಮೇಕೆಯೂ ಸತ್ತು ಬಿದ್ದಿದ್ದವು. ಎರಡು ಕುರಿಗಳು ಜನರೆದುರಿಗೇ ಸತ್ತವು. ಕೊನೆಯದು ಸಂಜೆಯ ಹೊತ್ತಿಗೆ ಹೋಯಿತು. ನಾಲ್ಕು ದನಗಳಿಗೆ ಬಾವು ಬಂದು ಜ್ವರ ಏರಿತ್ತು. ಲಸಿಕೆ ಹಾಕಿದ ಗುಂಪಿನ ಪ್ರಾಣಿಗಳೆಲ್ಲ ನಿಂತಿದ್ದವು. ಮರುದಿನ ಅವುಗಳಲ್ಲಿ ಗಬ್ಬದ ಕುರಿಯೊಂದು ಸತ್ತಿತು. ಕೊಯ್ದು ನೋಡಿದಾಗ ಹೊಟ್ಟೆಯೊಳಗಿನ ಮರಿ ಮೊದಲೇ ಸತ್ತಿದ್ದುದು ತಿಳಿಯಿತು.

ಎರಡು ಮೇಕೆಗಳಿಗೂ ಬಿದ್ದದ್ದು ಒಂದೇ ವಿಷ. ಒಂದು ಬದುಕಿತು, ಒಂದು ಸತ್ತಿತು. ನಡುವಿನ ಅಂತರವೆಂದರೆ ರೋಗ ಬರುವ ಮೊದಲೇ ಬಿದ್ದ ಎರಡು ಚುಚ್ಚುಮದ್ದು ಮಾತ್ರ.

ದೊಡ್ಡವರ ಜೀವನ ಬರೆಯುವಾಗ ಅವರ ತಪ್ಪನ್ನು ಮುಚ್ಚಿಡುವುದು ಸರಿಯಲ್ಲವೆಂದು ನಮ್ಮ ಭಾವನೆ. ಗಾಳಿಯ ಆಮ್ಲಜನಕದಿಂದ ಬಲಗುಂದಿಸಿದ ಲಸಿಕೆಯನ್ನೇ ಅಲ್ಲಿ ಬಳಸಲಾಯಿತೆಂದು ಲೋಕ ನಂಬುವಂತೆ ಪಾಶ್ಚರರು ಬಿಟ್ಟರು. ನಿಜವಾಗಿ ಬಳಸಿದ್ದು ಅವರ ಸಹಾಯಕ ಶಾಂಬರ್ಲಾನ್ ರಾಸಾಯನಿಕದಿಂದ ಸಿದ್ಧಪಡಿಸಿದ ಲಸಿಕೆ. ರಾಸಾಯನಿಕದ ದಾರಿಯಲ್ಲಿ 1880ರಲ್ಲೇ ನಡೆದಿದ್ದವರು ಟುಲೂಸಿನ ಪಶುವೈದ್ಯ ಆನ್ರಿ ಟೂಸೆಂ. ಪಾಶ್ಚರರ ಮನೆತನದವರು 1964ರಲ್ಲಿ ಅವರ ಟಿಪ್ಪಣಿ ಪುಸ್ತಕಗಳನ್ನು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟರು. ಅವನ್ನು ಓದಿದ ಇತಿಹಾಸಕಾರರಿಂದ ಈ ಸಂಗತಿ ಬೆಳಕಿಗೆ ಬಂತು. ಟೂಸೆಂ 1890ರಲ್ಲಿ, ಇನ್ನೂ ನಲವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ನಮ್ಮ ಮೇಕೆಗಳ ಪರವಾಗಿ ಅವರಿಗೂ ಒಂದು ನಮಸ್ಕಾರ ಸಲ್ಲಬೇಕು.

ಆರಂಭದ ಲಸಿಕೆ ಎಲ್ಲೆಡೆ ಒಂದೇ ಸಮನಾಗಿ ಫಲಿಸಲಿಲ್ಲ. ಆದರೂ ಮುಂದಿನ ಹನ್ನೆರಡು ವರ್ಷಗಳಲ್ಲಿ ಫ್ರಾನ್ಸಿನಲ್ಲಿ 30 ಲಕ್ಷಕ್ಕೂ ಹೆಚ್ಚು ಕುರಿಗಳಿಗೆ ಲಸಿಕೆ ಬಿತ್ತು. ನೂರಕ್ಕೆ ಸುಮಾರು ಹತ್ತು ಸಾಯುತ್ತಿದ್ದ ಕಡೆ ಒಂದಕ್ಕಿಂತ ಕಡಿಮೆ ಸಾಯತೊಡಗಿದವು. 1937ರಲ್ಲಿ ದಕ್ಷಿಣ ಆಫ್ರಿಕಾದ ಮ್ಯಾಕ್ಸ್ ಸ್ಟರ್ನ್ ಇದಕ್ಕಿಂತ ಸುರಕ್ಷಿತವಾದ ಲಸಿಕೆಯನ್ನು ರೂಪಿಸಿದರು.

ಪಾಶ್ಚರರ ಉಳಿದ ಜೀವನ ಎಲ್ಲರಿಗೂ ಗೊತ್ತು. 1885ರ ಜುಲೈ 6ರಂದು ಹುಚ್ಚುನಾಯಿ ಕಡಿದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಅವರ ಲಸಿಕೆ ಕೊಡಲಾಯಿತು. ಹುಡುಗ ಬದುಕಿಕೊಂಡ. 1888ರಲ್ಲಿ ಪ್ಯಾರಿಸಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಅದೇ ಹೆಸರಿನ ಸಂಸ್ಥೆ 1907ರಲ್ಲಿ ನೀಲಗಿರಿಯ ಕೂನೂರಿನಲ್ಲೂ ತೆರೆಯಿತು. 1895ರ ಸೆಪ್ಟೆಂಬರ್ 28ರಂದು ಪಾಶ್ಚರರು ಕಣ್ಣುಮುಚ್ಚಿದರು. ಅವರ ಸಮಾಧಿ ಅವರ ಸಂಸ್ಥೆಯೊಳಗೇ ಇದೆ.

ವಿದ್ಯಾರ್ಥಿ ಮಿತ್ರರೇ, ಇಂಥವರ ಭಾವಚಿತ್ರಕ್ಕೆ ಹಾರ ಹಾಕಿದರೆ ಸಾಲದು. ಅವರು ತೋರಿಸಿದ್ದನ್ನು ನಮ್ಮ ಹಿತ್ತಿಲಲ್ಲಿ ಮಾಡಬೇಕು. ಪಿ.ಪಿ.ಆರ್. ಎಂಬ ಮೇಕೆಗಳ ಪ್ಲೇಗಿಗೆ ಮರಿಗೆ ಮೂರು ನಾಲ್ಕು ತಿಂಗಳಾದ ಮೇಲೆ ಲಸಿಕೆ ಹಾಕಿಸಬಹುದು. ಕರುಳುಬೇನೆಯ ಲಸಿಕೆಯನ್ನು ಪ್ರತಿವರ್ಷ, ಮಳೆ ಬಿದ್ದು ಎಳೆಹುಲ್ಲು ಚಿಗುರುವ ಮೊದಲೇ ಹಾಕಿಸಬೇಕು. ನೆರಡಿಯ ಲಸಿಕೆ ಆ ರೋಗ ಕಾಣಿಸಿಕೊಳ್ಳುವ ಊರುಗಳಿಗೆ ಮಾತ್ರ. ಯಾವುದು ಬೇಕೆಂಬುದನ್ನು ಪಶುವೈದ್ಯರು ಹೇಳುತ್ತಾರೆ. ಕಾಯಿಲೆಯ ಮೇಕೆಗೆ ಲಸಿಕೆ ಬೇಡ; ಗಬ್ಬದ ಮೇಕೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಜಂತಿನ ಔಷಧ ಕುಡಿಸಿ, ಕೊಟ್ಟಿಗೆಯನ್ನು ಒಣದಾಗಿಟ್ಟರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಸಂತೆಯಿಂದ ತಂದ ಹೊಸ ಮೇಕೆಯನ್ನು ಎರಡು ಮೂರು ವಾರ ಬೇರೆಯೇ ಕಟ್ಟಬೇಕು.

ಇನ್ನೊಂದು ಮಾತು ಮುಖ್ಯ. ಮೂಗು ಬಾಯಲ್ಲಿ ರಕ್ತ ಬಂದು ತಟ್ಟನೆ ಸತ್ತ ಮೇಕೆಯನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸ ಹಂಚಿಕೊಳ್ಳಬಾರದು. ನೆರಡಿ ಮನುಷ್ಯರಿಗೂ ಅಂಟುವ ರೋಗ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದಂತೆ ಮೇವಿನ ನೆಲದಿಂದ ದೂರ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹೋದ ಮೇಕೆಯ ಆಸೆಗೆ ಮನೆಯವರ ಪ್ರಾಣವನ್ನು ಒತ್ತೆಯಿಡುವುದು ಬೇಡ.

ಊರಿಗೆ ಲಸಿಕೆಯವರು ಬಂದ ದಿನ ಮೇಕೆಯನ್ನು ಅಡವಿಗೆ ಹೊಡೆದುಬಿಡುವ ಮನೆಗಳು ಇನ್ನೂ ಇವೆ. ಜ್ವರ ಬರುತ್ತದೆ, ಹಾಲು ಕಡಿಮೆಯಾಗುತ್ತದೆ ಎಂಬ ಅಂಜಿಕೆ. ಪಾಶ್ಚರರ ಕುರಿಗಳಿಗೂ ಜ್ವರ ಬಂದಿತ್ತು. ಬೆಳಗಾಗುವ ಹೊತ್ತಿಗೆ ಅವು ಎದ್ದು ನಿಂತಿದ್ದವು. ಆ ದಿನ ಮೇಕೆಯನ್ನು ಮನೆಯಲ್ಲೇ ಕಟ್ಟಿಹಾಕಿ ಎಂದು ಅಪ್ಪ ಅಮ್ಮನಿಗೆ ಹೇಳುವ ಕೆಲಸ ನಮ್ಮದು.