ಕಲ್ಲಿನಲ್ಲಿ ಮರಗಳನ್ನು ಬೆಳೆಸಿದ ಆಂಟೊನಿ ಗೌದಿ

ಪ್ರಕೃತಿಯ ರಚನೆಗಳಲ್ಲಿ ಸರಳರೇಖೆಯು ಬಹು ಅಪೂರ್ವ. ಎಲೆಯ ಬಾಗು, ಶಂಖದ ಸುರುಳಿ, ಮರದ ಕವಲು, ಎಲುಬಿನ ಉಬ್ಬು ಇವೆಲ್ಲವೂ ವಕ್ರವಾದವುಗಳೇ. ಮಾನವನು ಕಟ್ಟುವ ಮನೆಗಳಾದರೋ ಬಹುಮಟ್ಟಿಗೆ ಚೌಕಾಕಾರದವು. ಇಂತಹ ಸಜೀವ ಆಕಾರಗಳನ್ನು ಇಂದು ಗಣಕಯಂತ್ರದ ಪರದೆಯ ಮೇಲೆ ರೂಪಿಸಿ ನೋಡಬಹುದು. ಆ ಯಂತ್ರವು ಹುಟ್ಟುವ ಎಷ್ಟೋ ಮೊದಲೇ ದಾರ, ಸೀಸದ ಗುಂಡು ಮತ್ತು ಪ್ಲಾಸ್ಟರುಗಳ ಸಹಾಯದಿಂದ ಈ ಕಾರ್ಯವನ್ನು ಸಾಧಿಸಿದ ಮಹನೀಯನೇ ಆಂಟೊನಿ ಗೌದಿ.

ಈತನು 1852ನೆಯ ಇಸವಿ ಜೂನ್ 25ರಂದು ಸ್ಪೇನ್ ದೇಶದ ಕ್ಯಾಟಲೋನಿಯ ಪ್ರಾಂತದಲ್ಲಿ ಜನಿಸಿದನು. ತಂದೆಯದು ತಾಮ್ರದ ಪಾತ್ರೆಗಳನ್ನು ಮಾಡುವ ಕಸುಬು. ಚಪ್ಪಟೆಯಾದ ತಗಡು ಸುತ್ತಿಗೆಯ ಪೆಟ್ಟಿಗೆ ಬಾಗಿ, ಉಬ್ಬಿ, ಹಂಡೆಯಾಗುವುದನ್ನು ಬಾಲಕನು ನೋಡುತ್ತ ಬೆಳೆದನು. ಸಂಧಿವಾತದ ಬಾಧೆಯಿಂದ ಅವನಿಗೆ ಇತರ ಮಕ್ಕಳಂತೆ ಓಡಿಯಾಡುವುದು ಕಷ್ಟವಾಗಿತ್ತು. ಗಿಡಮರಗಳನ್ನೂ ಜೀವಿಗಳನ್ನೂ ನಿಟ್ಟಿಸಿ ನೋಡುವುದೇ ಅವನ ವಿನೋದವಾಯಿತು. 1878ರಲ್ಲಿ ಅವನು ಬಾರ್ಸಿಲೋನ ನಗರದಲ್ಲಿ ವಾಸ್ತುಶಿಲ್ಪದ ಪದವಿಯನ್ನು ಪಡೆದನು. ಎವುಸೆಬಿ ಗುಯೆಲ್ ಎಂಬ ಧನಿಕ ಉದ್ಯಮಿಯು ಅವನ ಪ್ರತಿಭೆಯನ್ನು ಮೆಚ್ಚಿ ಆಶ್ರಯದಾತನಾದನು.

ಗುಯೆಲ್ಲನು ತನ್ನ ಕಾರ್ಮಿಕರ ವಸತಿಯಲ್ಲಿ ಒಂದು ಚರ್ಚನ್ನು ಕಟ್ಟಿಕೊಡಲು 1898ರಲ್ಲಿ ಕೇಳಿಕೊಂಡನು. ಗೌದಿಯು ಕೂಡಲೇ ನಕ್ಷೆಯನ್ನು ಬರೆಯಲು ಕುಳಿತುಕೊಳ್ಳಲಿಲ್ಲ. ಚಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಕಟ್ಟಡದ ಯಾವ ಭಾಗವು ಎಷ್ಟು ಭಾರವನ್ನು ಹೊರಬೇಕೋ ಅದಕ್ಕೆ ತಕ್ಕಂತೆ ಸೀಸದ ಗುಂಡುಗಳನ್ನು ತುಂಬಿದ ಪುಟ್ಟ ಚೀಲಗಳನ್ನು ಅವುಗಳಿಗೆ ಕಟ್ಟಿದನು. ತೂಗುವ ದಾರವು ತನ್ನ ಭಾರಕ್ಕೆ ತಾನೇ ಒಂದು ಬಾಗನ್ನು ಪಡೆಯುತ್ತದೆ. ಆ ಬಾಗನ್ನು ತಲೆಕೆಳಗು ಮಾಡಿದರೆ ಕಲ್ಲಿನ ಕಮಾನಿಗೆ ಅತ್ಯಂತ ಯೋಗ್ಯವಾದ ಆಕಾರವು ದೊರೆಯುತ್ತದೆ. ಈ ತತ್ತ್ವವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ಕನು 17ನೆಯ ಶತಮಾನದಲ್ಲಿಯೇ ಕಂಡುಕೊಂಡಿದ್ದನು. ಗೌದಿಯಾದರೋ ಇಡೀ ಕಟ್ಟಡವನ್ನೇ ದಾರದಲ್ಲಿ ತೂಗಹಾಕಿದನು. ಒಂದು ಚೀಲದ ತೂಕವನ್ನು ಬದಲಿಸಿದರೆ ಎಲ್ಲ ದಾರಗಳೂ ಸರಿದು ಹೊಸ ಸಮತೋಲನಕ್ಕೆ ಬರುತ್ತಿದ್ದವು. ಅದರ ಛಾಯಾಚಿತ್ರವನ್ನು ತಲೆಕೆಳಗಾಗಿ ಹಿಡಿದು, ಅದರ ಮೇಲೆಯೇ ಅವನು ಗೋಡೆ ಗೋಪುರಗಳನ್ನು ಬರೆಯುತ್ತಿದ್ದನು. ಈ ಪ್ರಯೋಗಕ್ಕೆ ಸುಮಾರು 10 ವರ್ಷಗಳು ಹಿಡಿದವು. ಚರ್ಚಿನ ನೆಲಮಾಳಿಗೆಯಷ್ಟೇ ಪೂರ್ಣಗೊಂಡರೂ, ಅಲ್ಲಿ ಕಲಿತ ವಿದ್ಯೆಯು ಗೌದಿಗೆ ಕೊನೆಯವರೆಗೆ ನೆರವಾಯಿತು.

ಇದರ ನಡುವೆ ಅವನು ಬಾರ್ಸಿಲೋನದಲ್ಲಿ ಎಲುಬಿನಂತಹ ಕಂಬಗಳುಳ್ಳ ಬಾಟ್ಲೊ ಭವನವನ್ನೂ, ಅಲೆಯಂತೆ ಬಳುಕುವ ಗೋಡೆಗಳುಳ್ಳ ಮಿಲಾ ಭವನವನ್ನೂ ರಚಿಸಿದನು. ಆದರೆ ಅವನ ಜೀವಮಾನದ ಕಾರ್ಯವೆಂದರೆ ಸಗ್ರಾದ ಫಮೀಲಿಯ ಎಂಬ ಮಹಾದೇವಾಲಯ. 1882ರಲ್ಲಿ ಬೇರೊಬ್ಬ ಶಿಲ್ಪಿಯು ಆರಂಭಿಸಿದ್ದ ಆ ಚರ್ಚಿನ ಹೊಣೆಯನ್ನು ಗೌದಿಯು 1883ರಲ್ಲಿ ವಹಿಸಿಕೊಂಡನು. 1914ರಿಂದ ಉಳಿದೆಲ್ಲ ಕೆಲಸಗಳನ್ನೂ ಬಿಟ್ಟು ಅದೊಂದಕ್ಕೇ ತನ್ನನ್ನು ಮುಡಿಪಾಗಿಟ್ಟನು. ಒಳಗಿನ ಕಂಬಗಳು ಮೇಲೇರುತ್ತ ಮರಗಳಂತೆ ಕವಲೊಡೆದು ಛಾವಣಿಯನ್ನು ಹೊರಬೇಕೆಂಬುದು ಅವನ ಕಲ್ಪನೆ.

ಆ ವಕ್ರಾಕಾರಗಳನ್ನು ಅವನು ಮನಬಂದಂತೆ ಎಳೆಯಲಿಲ್ಲ. ನೇರವಾದ ಕಡ್ಡಿಗಳನ್ನು ಎರಡು ಬಳೆಗಳ ನಡುವೆ ಸುತ್ತಲೂ ನಿಲ್ಲಿಸಿ, ಮೇಲಿನ ಬಳೆಯನ್ನು ತಿರುಚಿದರೆ, ನಡುವು ಸಣ್ಣಗಾಗಿ ಡಮರುಗದ ಆಕಾರವು ಉಂಟಾಗುತ್ತದೆ. ಕಡ್ಡಿಗಳು ನೇರವಾಗಿಯೇ ಇದ್ದರೂ ಮೈ ಮಾತ್ರ ವಕ್ರವಾಗುತ್ತದೆ. ಇಂತಹ ಆಕಾರಗಳನ್ನು ಒಂದರೊಳಗೊಂದು ಸೇರಿಸಿಯೇ ಗೌದಿಯು ಕಿಟಕಿಗಳನ್ನೂ ಛಾವಣಿಯನ್ನೂ ಪ್ಲಾಸ್ಟರಿನ ಮಾದರಿಗಳಲ್ಲಿ ರೂಪಿಸಿದನು. ಸರಳರೇಖೆಗಳಿಂದ ಹುಟ್ಟಿದ ಮೈಯನ್ನು ಕಲ್ಲುಕುಟಿಗರಿಗೆ ತಿಳಿಸಿಕೊಡುವುದೂ ಸುಲಭವಾಗಿತ್ತು.

1926ರ ಜೂನ್ 7ರಂದು ಬೀದಿಯಲ್ಲಿ ನಡೆದುಹೋಗುತ್ತಿದ್ದ ಗೌದಿಗೆ ಟ್ರಾಮ್ ಗಾಡಿಯು ಬಡಿಯಿತು. ಹಳೆಯ ಉಡುಪನ್ನು ಕಂಡ ಜನರು ಅವನನ್ನು ಭಿಕ್ಷುಕನೆಂದೇ ತಿಳಿದರು. ಮೂರು ದಿನಗಳ ಬಳಿಕ ಅವನು ಬಡವರ ಆಸ್ಪತ್ರೆಯಲ್ಲಿ ಕಣ್ಮುಚ್ಚಿದನು. ಆ ವೇಳೆಗೆ ಯೋಜಿಸಿದ್ದ 18 ಗೋಪುರಗಳಲ್ಲಿ ಒಂದು ಮಾತ್ರವೇ ಮುಗಿದಿತ್ತು. ಅವನ ದೇಹವನ್ನು ಅದೇ ದೇವಾಲಯದ ನೆಲಮಾಳಿಗೆಯಲ್ಲಿ ಸಮಾಧಿ ಮಾಡಲಾಯಿತು.

1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧವು ತಲೆದೋರಿದಾಗ ಮತ್ತೊಂದು ದುರಂತವು ಬಂದೊದಗಿತು. ಅವನ ಕಾರ್ಯಾಗಾರಕ್ಕೆ ಬೆಂಕಿಯಿಡಲಾಯಿತು. ನಕ್ಷೆಗಳು ಸುಟ್ಟುಹೋದವು, ಪ್ಲಾಸ್ಟರಿನ ಮಾದರಿಗಳು ಚೂರುಚೂರಾದವು. ಶಿಷ್ಯರು ಚೂರುಗಳನ್ನು ಆಯ್ದು ಕೂಡಿಸಿದರು. ಆದರೆ ಮುರಿದ ತುಂಡಿನಿಂದ ಗುರುವಿನ ಮನಸ್ಸಿನಲ್ಲಿದ್ದ ಪೂರ್ಣಾಕಾರವನ್ನು ಅರಿಯುವ ಬಗೆ ಹೇಗೆ?

ಇಲ್ಲಿಯೇ ಗೌದಿಯ ನಿಯಮನಿಷ್ಠೆಯು ಫಲಕೊಟ್ಟಿತು. ನ್ಯೂಜಿಲೆಂಡಿನ ಮಾರ್ಕ್ ಬರಿ ಎಂಬ ತರುಣನು 1979ರಲ್ಲಿ ಬಂದು ಈ ಚೂರುಗಳ ಅಭ್ಯಾಸಕ್ಕೆ ತೊಡಗಿದನು. ಮೊದಲು ಕೈಯಿಂದಲೇ ನಕ್ಷೆಗಳನ್ನು ಬರೆಯಬೇಕಾಗಿತ್ತು. 1989ರಿಂದ ಗಣಕಯಂತ್ರದ ನೆರವನ್ನು ಪಡೆಯಲಾಯಿತು. ಮುಂದೆ ವಿಮಾನಗಳ ವಿನ್ಯಾಸಕ್ಕೆಂದು ಫ್ರಾನ್ಸಿನಲ್ಲಿ ಸಿದ್ಧವಾಗಿದ್ದ ಕ್ಯಾಟಿಯಾ ಎಂಬ ತಂತ್ರಾಂಶವನ್ನೂ ಬಳಸಲಾಯಿತು. ತುಂಡಿನ ಮೇಲಿನ ಬಾಗನ್ನು ಅಳೆದು, ಅದು ಎಂತಹ ಡಮರುಗಾಕೃತಿಯ ಭಾಗವೆಂದು ಲೆಕ್ಕಹಾಕಿ, ಎರಡು ಆಕಾರಗಳು ಸಂಧಿಸುವ ಅಂಚನ್ನು ನಿರ್ಧರಿಸಲಾಯಿತು. ಗೌದಿಯು ಬರಿಯ ಕೈಚಳಕದಿಂದ ಆಕಾರಗಳನ್ನು ತಿದ್ದಿದ್ದರೆ ಯಾವ ಯಂತ್ರಕ್ಕೂ ಇದು ಸಾಧ್ಯವಾಗುತ್ತಿರಲಿಲ್ಲ. ಕಲ್ಲಿನ ಮರಗಳ ಆ ತೋಪು ಪೂರ್ಣಗೊಂಡು, 2010ರ ನವೆಂಬರಿನಲ್ಲಿ ಪೋಪ್ 16ನೆಯ ಬೆನೆಡಿಕ್ಟರು ದೇವಾಲಯವನ್ನು ಪ್ರತಿಷ್ಠಾಪಿಸಿದರು.

ವಿದ್ಯಾರ್ಥಿಮಿತ್ರರೇ, ಯಂತ್ರವು ಗೌದಿಯ ಆಕಾರಗಳನ್ನು ಹುಟ್ಟಿಸಲಿಲ್ಲ. ಅವನು ಬಿಟ್ಟುಹೋದ ನಿಯಮವನ್ನು ಓದಿಕೊಂಡಿತು. ಕಾಗದವು ಸುಡಬಹುದು, ಮಾದರಿಯು ಒಡೆಯಬಹುದು. ಸೃಷ್ಟಿಯ ನಿಯಮವನ್ನು ಅರಿತು ಶ್ರದ್ಧೆಯಿಂದ ಮಾಡಿದ ಕೆಲಸವು ಮುಂದಿನ ತಲೆಮಾರಿನವರ ಕೈಯಲ್ಲಿ ಮತ್ತೆ ಚಿಗುರುತ್ತದೆ.